ಅಮ್ಮನ ಮೇಲಿನ ಕಲ್ಲು

ಅಕ್ಕಾ,

ನನ್ನ ಫೋನು ಎತ್ತಬಾರದೆಂದು ನೀನು ತೀರ್ಮಾನಿಸಿಬಿಟ್ಟಿದ್ದೀಯ. ಅಂಗಡಿಗೆ ಬಂದರೆ ನನ್ನ ಮಾತು ಕೇಳಿಸದಿರಲೆಂದು ಹೊಲಿಗೆ ಯಂತ್ರವನ್ನು ಇನ್ನೂ ಜೋರಾಗಿ ತುಳಿಯುತ್ತೀಯ. ಕಾಗದವಾದರೆ ಹರಿದು ಹಾಕುವ ಮೊದಲು ಒಂದು ಸಲ ಕಣ್ಣಾಡಿಸುತ್ತೀಯ. ನಿನ್ನ ಕುತೂಹಲ ನನಗೆ ಗೊತ್ತಿಲ್ಲವೇ? ಅದಕ್ಕೇ ಬರೆಯುತ್ತಿದ್ದೇನೆ.

ಸುಸ್ತಾಗಿದೆ ಅಕ್ಕಾ. ಈ ವರ್ಷ ಮಳೆ ಬೇಗ ಬಂತು. ಸ್ಮಶಾನದ ಒಂದು ಮೂಲೆಯ ಹುಲ್ಲು ಕತ್ತರಿಸಿ ಮುಗಿಸುವಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಮೊಣಕಾಲುದ್ದ ಬೆಳೆದಿರುತ್ತದೆ. ಹಳೇ ಭಾಗದಲ್ಲಿ ಸಮಾಧಿಯ ಕಲ್ಲುಗಳು ವಾಲುತ್ತಿವೆ. ಒಂದೊಂದನ್ನೂ ಕೈಯಿಂದ ನೂಕಿ ನೋಡಬೇಕು, ಅಲುಗಾಡಿದ್ದಕ್ಕೆ ಗೂಟ ಕೊಟ್ಟು ಹಗ್ಗ ಬಿಗಿಯಬೇಕು, ಆಮೇಲೆ ಆ ಮನೆಯವರಿಗೆ ಹೇಳಬೇಕು. "ನಮ್ಮಪ್ಪನ್ನ ಯಾಕ್ರೀ ಕಟ್ಟಿ ಹಾಕಿದೀರಾ?" ಎಂದು ಒಬ್ಬರು ಜಗಳಕ್ಕೇ ಬಂದರು. ನಲ್ಲಿ ಸೋರುತ್ತದೆ, ಗೇಟು ಸರಿಯಾಗಿ ಮುಚ್ಚುವುದಿಲ್ಲ, ಮಧ್ಯಾಹ್ನ ಬರಬೇಕಾದ ಹೆಣದ ಗಾಡಿ ಬೆಳಿಗ್ಗೆಯೇ ಬಂದು ನಿಲ್ಲುತ್ತದೆ. ಅಳುವವರ ಹತ್ತಿರ ದಿನವಿಡೀ ಮೆತ್ತಗೆ ಮಾತಾಡಿ ಮಾತಾಡಿ, ಮನೆಗೆ ಬರುವಷ್ಟರಲ್ಲಿ ನನ್ನೊಳಗೆ ಮೆತ್ತಗಿನದೇನೂ ಉಳಿದಿರುವುದಿಲ್ಲ. ಆ ದಿನ ನಿನ್ನ ಜೊತೆ ಒರಟಾಗಿ ಮಾತಾಡಿದ್ದು ಅದಕ್ಕೇ ಇರಬೇಕು.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಸಿಟ್ಟಾಗಬೇಡ. ಅಮ್ಮ ಇರುವುದು ಹಳೇ ಭಾಗದಲ್ಲಲ್ಲ, ಅದರಾಚೆಯ ಕಾಡುಭಾಗದಲ್ಲಿ. ಅಲ್ಲಿ ಮಣ್ಣು ಮಾಡಿದವರ ಮೇಲೆ ಒಂದು ಗಿಡ ನೆಡುತ್ತೇವೆ, ಅಷ್ಟೇ. ಕಲ್ಲಿಲ್ಲ, ಕಟ್ಟೆಯಿಲ್ಲ, ಪ್ಲಾಸ್ಟಿಕ್ ಹೂವಿಲ್ಲ. ಮುಂದೆ ಅದು ಬರೀ ಕಾಡಾಗಬೇಕು. ಹಾಗೆಂದು ಒಪ್ಪಿಯೇ ಎಲ್ಲರೂ ಅಲ್ಲಿಗೆ ತರುತ್ತಾರೆ. ಒಪ್ಪುವುದು ಸುಲಭ. ವರ್ಷ ತಿರುಗುವುದರೊಳಗೆ ಒಬ್ಬೊಬ್ಬರೇ ಏನಾದರೊಂದನ್ನು ತಂದು ಇಟ್ಟುಹೋಗುತ್ತಾರೆ, ನಾನು ಒಂದೊಂದನ್ನೇ ತೆಗೆಯುತ್ತೇನೆ.

ಬಸ್ ಓಡಿಸಿ ನಿವೃತ್ತರಾದ ಒಬ್ಬ ತಾತ ಇದ್ದಾರೆ. ಹೆಂಡತಿ ಚಹಾ ಕುಡಿಯುತ್ತಿದ್ದ ನೀಲಿ ಕಪ್ಪನ್ನು ಆಕೆಯ ಗಿಡಕ್ಕೆ ನೇತುಹಾಕಿದ್ದರು. ಅದನ್ನು ಬಿಚ್ಚಿ, ಪೇಪರಿನಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ. "ಒಂದು ಕಪ್ಪಿಂದ ನಿಮ್ಮ ಕಾಡಿಗೆ ಏನಾಗುತ್ತಮ್ಮಾ?" ಎಂದರು. ಇವತ್ತು ಕಪ್ಪು, ನಾಳೆ ಇನ್ನೊಂದು ಎಂದು ನನ್ನ ಯಾವತ್ತಿನ ಪಾಠ ಒಪ್ಪಿಸಿದೆ. ತಲೆಯಾಡಿಸಿ ಹೋದರು.

ಅದೇ ವಾರ ನೀನು ಕಲ್ಲು ತಂದೆ. ದಿಂಬಿನಷ್ಟು ಅಗಲದ ಬೂದುಗಲ್ಲು, ಅದರ ಮೇಲೆ ಅಮ್ಮನ ಹೆಸರು, ಅಕ್ಷರ ಅಕ್ಷರವನ್ನೂ ನೀನೇ ಅಳತೆ ಹಾಕಿ ಕೆತ್ತಿಸಿದ್ದು. ನನಗೊಂದು ಮಾತು ಹೇಳದೆ ಅಮ್ಮನ ಗಿಡದ ಬುಡದಲ್ಲಿ ಅದನ್ನು ನೆಟ್ಟು ಹೋದೆ. ನಾನು ನೋಡಿದೆ, ನೋಡಿಯೂ ಸುಮ್ಮನಿದ್ದೆ. ಚೆನ್ನಾಗಿತ್ತು ಅಕ್ಕಾ. ಇರಲಿ, ಯಾರು ನೋಡುತ್ತಾರೆ ಅಂದುಕೊಂಡೆ.

ತಾತ ನೋಡಿದರು. ಆಫೀಸಿನ ಬಾಗಿಲಲ್ಲಿ ನಿಂತು, ದನಿ ಕೂಡ ಏರಿಸದೆ, "ನಿಮ್ಮಮ್ಮಂದಾದ್ರೆ ಪರವಾಗಿಲ್ವಾ?" ಎಂದು ಕೇಳಿದರು. ಅವರು ಬೈದಿದ್ದರೆ ನಾನೂ ತಿರುಗಿಸಿ ಏನಾದರೂ ಅನ್ನುತ್ತಿದ್ದೆ. ಅವತ್ತೇ ಕಲ್ಲನ್ನು ಅಗೆದು ತೆಗೆದೆ. ಬೇರೆ ಯಾರ ಕೈಯಿಂದಲೂ ತೆಗೆಸಲಿಲ್ಲ, ನಾನೇ ತೆಗೆದು ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಂದೆ.

ನೀನು ಬಂದು ಕೂಗಾಡಿದ್ದು ಸರಿಯಾಗಿಯೇ ನೆನಪಿದೆ. "ನೀನು ಮಗಳಾ, ಇಲ್ಲಾ ಮ್ಯಾನೇಜರಾ?" ಎಂದೆ ನೀನು. ಅಮ್ಮನೇ ಕಲ್ಲು ಬೇಡ ಅಂದಿದ್ದಳು ಎಂದೆ ನಾನು. ಆಗ ನಿನ್ನ ಮುಖ ಒಮ್ಮೆಲೇ ಇಳಿದುಹೋಯಿತು. "ನಿಂಗೆ ಹೇಳಿದ್ಲು. ನಂಗ್ಯಾಕೆ ಹೇಳ್ಲಿಲ್ಲ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟೆ.

ಉತ್ತರ ಇಲ್ಲಿದೆ. ಒಂದು ದಿನ ಅಮ್ಮ ನನಗೆ ಸ್ಮಶಾನಕ್ಕೇ ಊಟ ತಂದಿದ್ದಳು. ಬೆಂಚಿನ ಮೇಲೆ ಕೂತಿದ್ದೆವು. ಹಳೇ ಭಾಗದ ದೊಡ್ಡ ದೊಡ್ಡ ಕಲ್ಲುಗಳನ್ನು ನೋಡುತ್ತಾ, "ನನ್ನ ಮೇಲೆ ಇಂಥದ್ದೆಲ್ಲ ಹೊರಿಸಬೇಡಿ ಕಣೇ. ಬದುಕಿದ್ದಾಗ ಹೊತ್ತಿದ್ದೇ ಸಾಕು" ಎಂದು ನಕ್ಕಳು. ಅಷ್ಟೇ ಅಕ್ಕಾ. ನನ್ನನ್ನು ಕೂರಿಸಿಕೊಂಡು ಗುಟ್ಟು ಹೇಳಿದ್ದಲ್ಲ. ಪಕ್ಕದಲ್ಲಿ ನೀನಿದ್ದಿದ್ದರೆ ನಿನಗೇ ಹೇಳುತ್ತಿದ್ದಳು. ನಿಜಕ್ಕೂ ಹೇಳಿದಳೋ, ತಮಾಷೆಗೆ ಹೇಳಿದಳೋ, ನನಗೂ ಗೊತ್ತಿಲ್ಲ. ನಗುನಗುತ್ತಾ ಅಂದ ಒಂದು ಮಾತನ್ನು ಹಿಡಿದುಕೊಂಡು ನಿಂತಿದ್ದೇನೆ, ಏಕೆಂದರೆ ಬೇರೇನೂ ನನ್ನ ಬಳಿ ಇಲ್ಲ.

ಈಗ ನಿನ್ನೆಯ ವಿಷಯ. ಹುಲ್ಲು ಕತ್ತರಿಸುವ ಯಂತ್ರ ಓಡಿಸುವವನನ್ನು ನೀನು ನೋಡಿದ್ದೀಯ. ಬಾಯಿಗೆ ಬಿಡುವೇ ಇಲ್ಲದ ಆಸಾಮಿ, ಅದಕ್ಕೇ ಎಲ್ಲರೂ ಅವನನ್ನು ಮೌನಿ ಎನ್ನುತ್ತೇವೆ. ಕಾಡುಭಾಗದಲ್ಲಿ ಹುಲ್ಲು ಎದೆಮಟ್ಟ ಬೆಳೆದಿತ್ತು. ಗಿಡಗಳಿಗೆ ಏಟು ಬೀಳದಂತೆ ದಾರಿ ತೋರಿಸಲು ಅವನ ಮುಂದೆ ನಡೆಯುತ್ತಿದ್ದೆ. ಅಮ್ಮನ ಹತ್ತಿರ ಬಂದೆ ಎಂದುಕೊಂಡು ನಿಂತರೆ, ಅದು ಅಮ್ಮನ ಗಿಡವಲ್ಲ. ಪಕ್ಕದ್ದೂ ಅಲ್ಲ. ಎಲ್ಲವೂ ಒಂದೇ ಥರ, ಒಂದೇ ಹಸಿರು. ದಿನಾ ಊರಿನವರಿಗೆಲ್ಲ ಅವರವರ ಜಾಗ ತೋರಿಸುವ ನನಗೆ ನನ್ನ ಅಮ್ಮ ಸಿಗಲಿಲ್ಲ. ಹುಲ್ಲಿನ ನಡುವೆ ಕುಸಿದು ಕೂತು, ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನ ಹಾಗೆ ಅತ್ತೆ. ಮೌನಿ ಯಂತ್ರ ನಿಲ್ಲಿಸಿದ. ಜೀವಮಾನದಲ್ಲಿ ಮೊದಲ ಸಲ ಅವನೂ ಏನೂ ಮಾತಾಡಲಿಲ್ಲ.

ಆಮೇಲೆ ಆಫೀಸಿಗೆ ಹೋಗಿ, ಬಂದವರಿಗೆಲ್ಲ ತೋರಿಸುವ ಅದೇ ನಕ್ಷೆಯ ಮೇಲೆ ಬೆರಳಿಟ್ಟು ಹುಡುಕಿದೆ. ಸಿಕ್ಕಳು. ಆದರೆ ನೀನು ಯಾವ ಹೆದರಿಕೆಗೆ ಆ ಕಲ್ಲು ತಂದೆಯೆಂದು ಹುಲ್ಲಿನಲ್ಲಿ ಕೂತಾಗ ನನಗೆ ಅರ್ಥವಾಯಿತು.

ಆದರೂ ಕಲ್ಲನ್ನು ವಾಪಸು ಇಡಲಾರೆ. ಸುಳ್ಳು ಆಸೆ ಹುಟ್ಟಿಸುವುದಿಲ್ಲ. ತಾತ ಈಗ ಆ ಕಪ್ಪನ್ನು ಚೀಲದಲ್ಲಿ ತರುತ್ತಾರೆ. ಹೆಂಡತಿಯ ಗಿಡದ ಹತ್ತಿರ ಕೂತು ಚಹಾ ಕುಡಿದು, ತೊಳೆದು ಮನೆಗೆ ಒಯ್ಯುತ್ತಾರೆ. ನಿನ್ನ ಕಲ್ಲನ್ನು ಹಾಗೆ ಹೊತ್ತು ತಿರುಗಲು ನಮ್ಮಿಬ್ಬರ ಸೊಂಟವೂ ಒಪ್ಪುವುದಿಲ್ಲ. ಅದು ನಮ್ಮ ಅಡುಗೆಮನೆಯ ಕಿಟಕಿಯ ಕೆಳಗಿದೆ. ಬೇಕಾದಾಗ ಒಯ್ಯಿ, ಇಲ್ಲವೇ ಇಲ್ಲೇ ಇರಲಿ.

ಈ ಭಾನುವಾರ ಬಾ. ಕೆಸರಿದೆ, ಗಟ್ಟಿ ಚಪ್ಪಲಿ ಹಾಕಿಕೊ. ನಕ್ಷೆಯನ್ನು ಆಫೀಸಿನಲ್ಲೇ ಬಿಟ್ಟುಬರುತ್ತೇನೆ. ಇಬ್ಬರೂ ಹುಡುಕೋಣ. ಸಿಗದಿದ್ದರೆ ಎಲ್ಲೋ ಹತ್ತಿರದಲ್ಲಿ ನಿಂತು "ಅಮ್ಮಾ" ಎಂದು ಒಂದು ಸಲ ಕೂಗು. ನಿನ್ನ ದನಿ ನನ್ನದಕ್ಕಿಂತ ದೊಡ್ಡದು.

ಅಲ್ಲಿಯವರೆಗೆ ನಿನಗೆ ಕಣ್ತುಂಬ ನಿದ್ದೆ ಬರಲಿ.

ಬೈಸಿಕೊಳ್ಳಲು ತಯಾರಾಗಿ ಗೇಟಿನ ಹತ್ತಿರ ಕಾಯುವ,
ನಿನ್ನ ತಂಗಿ