ತಾತನ ಚರ್ಚುಗಳು

ಮಾಯ್ಲಿಸ್,

ಬಾತುಕೋಳಿಗಳಿಗೆ ಕಾಳು ಹಾಕಿ ಸಂತೆಗೆ ಹೊರಟೆ. ಮೇಜಿನ ಮೇಲೆ ಅಕ್ರೋಟು ಬ್ರೆಡ್ಡೂ ಮೇಕೆ ಹಾಲಿನ ಚೀಸೂ ಇವೆ, ನಿನಗೂ ತಾತನಿಗೂ ಬುತ್ತಿ ಕಟ್ಟಿಕೋ. ನಿನ್ನ ಸೈಕಲ್ ಚೈನಿಗೆ ಎಣ್ಣೆ ಬಿಟ್ಟಿದ್ದೇನೆ.

ಹೃದಯದ ಆಪರೇಷನ್ ಆದಮೇಲೆ ತಾತ ಸೈಕಲ್ ಹತ್ತುತ್ತಿರುವುದು ಇದೇ ಮೊದಲು. ಲಾಟ್ ನದಿಯ ದಂಡೆಯ ದಾರಿ ಉದ್ದಕ್ಕೂ ಸಪಾಟು ಅನ್ನುತ್ತಾರೆ, ನಂಬಬೇಡ. ಸುಸ್ತಾಯಿತೆಂದು ಅವರು ಸತ್ತರೂ ಹೇಳುವುದಿಲ್ಲ. “ಬಾ ಪುಟ್ಟಿ, ಈ ಊರಿನ ಚರ್ಚ್ ನೋಡೋಣ, ಬಹಳ ಹಳೇದು” ಅನ್ನುತ್ತಾರೆ. ನನ್ನ ಮದುವೆಯ ನಂತರ ಚರ್ಚಿನ ಮೆಟ್ಟಿಲು ಹತ್ತದ ಮನುಷ್ಯ! ನೀನು ಏನೂ ಕೇಳಬೇಡ. ಅವರ ಉಸಿರು ತಹಬಂದಿಗೆ ಬರುವವರೆಗೆ ಒಳಗೆ ಕೂತು ಕಂಬಗಳನ್ನು ಹೊಗಳುತ್ತಿರು.

ಚರ್ಚೇ ಇಲ್ಲದ ಕಡೆ ಚರ್ಚ್ ನೋಡೋಣ ಅಂದರೆ ಮಾತ್ರ ತಕ್ಷಣ ಫೋನ್ ಮಾಡು. ವ್ಯಾನ್ ತರುತ್ತೇನೆ. ಮೊಟ್ಟೆ ಮಾರಲು ಆ ಕಡೆ ಬಂದಿದ್ದೆ ಅನ್ನುತ್ತೇನೆ.

ಅಮ್ಮ