ಬೇಲಿಯಾಚೆಯ ಗುಂಡಿಹೂ

ಸೆಪ್ಟೆಂಬರ್ ೩, ಬುಧವಾರ. ಬೆಳಿಗ್ಗೆ ೬.೩೦

ಶೂ ಇನ್ನೂ ಒದ್ದೆ. ಅದರೊಳಗೆ ಹೇರ್ ಡ್ರೈಯರ್ ಹಿಡಿದು ಕೂತರೆ ಅತ್ತೆ ನಗುತ್ತಾರೆ. ನಗಲಿ. ಚೀಲಕ್ಕೆ ಹಾಕಿದ್ದು: ನೀರು, ಬ್ರೆಡ್ಡು, ಹಗ್ಗ, ಬರೆಯುವ ಪ್ಯಾಡು, ಐಸ್‌ಕ್ರೀಮ್ ಕಡ್ಡಿ ಮುನ್ನೂರು. ಗಿಡ ಎಣಿಸಿದ ಕೂಡಲೇ ಪಕ್ಕದಲ್ಲೊಂದು ಕಡ್ಡಿ ಚುಚ್ಚಬೇಕು. ಇಲ್ಲದಿದ್ದರೆ ಅದನ್ನೇ ಎರಡು ಸಲ ಎಣಿಸಿ ಖುಷಿಪಡುವ ಜಾತಿ ನಮ್ಮದು. ಕಳೆದೆರಡು ವರ್ಷ ಆ ಕಡ್ಡಿಗಳ ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ.

ಗುಂಡಿಹೂ. ಅಂಗಿಯ ಗುಂಡಿಯಷ್ಟಗಲ, ನೀಲಿ, ವರ್ಷಕ್ಕೆ ಎರಡೇ ವಾರ ಅರಳುವ ಪುಣ್ಯಾತ್ಮ. ಇರುವುದು ಊರಾಚೆಯ ಈ ಒಂದು ಹುಲ್ಲುಗಾವಲಿನಲ್ಲಿ ಮಾತ್ರ. ಇಲಾಖೆಯ ಪಟ್ಟಿಯಲ್ಲಿ ಅದರ ಸ್ಥಿತಿ: ಅಳಿವಿನ ಅಂಚಿನಲ್ಲಿ. ಸತತ ಮೂರನೇ ವರ್ಷವೂ ಸೊನ್ನೆ ಬಂದರೆ ಅದನ್ನು ಹೊಡೆದುಹಾಕಿ "ಕಣ್ಮರೆ" ಎಂದು ಬರೆಯಬೇಕು. ಹದಿನೈದನೇ ತಾರೀಕಿನೊಳಗೆ. ಬರೆಯಬೇಕಾದವಳು ನಾನು.

"ಹೋಗ್ಬಾ," ಅಂದರು ಅತ್ತೆ. "ಸಿಗದೇ ಇದ್ರೆ ಮುಖ ಊದಿಸ್ಕೊಂಡು ಬರಬೇಡ. ಹೋದ ವರ್ಷ ವಾರಗಟ್ಟಲೆ ಆ ಮುಖ ನೋಡ್ದೋಳು ನಾನು."

ಅದೇ ದಿನ, ಸಂಜೆ

ಸೊನ್ನೆ. ಮುಖ ಊದಿದೆ.

ಸೆಪ್ಟೆಂಬರ್ ೪, ಗುರುವಾರ. ಸಂಜೆ

ಮತ್ತೆ ಹೋದೆ. ಮತ್ತೆ ಸೊನ್ನೆ.

ಹನ್ನೊಂದು ವರ್ಷದ ಹಿಂದೆ ಕಚೇರಿಯಲ್ಲಿ ಜಗಳವಾಡಿ, ಹೂವಿದ್ದ ಜಾಗದ ಸುತ್ತ ಕುರಿ ನುಗ್ಗದ ಹಾಗೆ ಈ ಬೇಲಿ ಹಾಕಿಸಿದವಳು ನಾನೇ. ಆಗ ಒಳಗೆ ೨೧೨ ಗಿಡ. ವರ್ಷ ಕಳೆದಂತೆ ೧೪೦. ೬೩. ೯. ಇಳಿದಷ್ಟೂ ತಂತಿ ಬಿಗಿ ಮಾಡಿಸಿದೆ. ಈಗ ಒಳಗೆ ಹುಲ್ಲು ಸೊಂಟದವರೆಗೆ ಬೆಳೆದಿದೆ. ಎಷ್ಟು ಚೆನ್ನಾಗಿ ಕಾಪಾಡಿದ್ದೇವೆ ನೋಡಿ ಅಂತ ಅದರ ಫೋಟೋ ತೆಗೆದು ಮೇಲಿನವರಿಗೆ ಕಳಿಸಿದ್ದೂ ಉಂಟು.

ಹೊರಗೆ ಬೇಲಿಗೆ ಮೂತಿ ತಿಕ್ಕುವ ಕುರಿಗಳು. ಅವುಗಳ ಹಿಂದೆ ಅವಳು. ಕುರಿಯಮ್ಮ — ನಾನಿಟ್ಟ ಹೆಸರು. ಇಷ್ಟು ವರ್ಷ ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಮಾತು. "ಆಚೆ ಹೊಡ್ಕೊಂಡು ಹೋಗಮ್ಮ" ಅಂತ ನಾನು. ಅವಳು ಏನೂ ಅನ್ನದೆ, ಬೇಕಂತಲೇ ನಿಧಾನವಾಗಿ ಹೋಗುವುದು.

ಸಾಹೇಬರ ಫೋನ್. "ಕಾಲಂ ತುಂಬಿ ಕಳಿಸ್ಬಿಡಿ ಮೇಡಂ. ಇನ್ನೆಷ್ಟು ದಿನ ಎಳೀತೀರಿ?"

ನಾಳೆ ಒಂದು ದಿನ. ಆಮೇಲೆ ಬರೆಯುತ್ತೇನೆ. ಮನೆಯಲ್ಲಿ ಯಾರಿಗೋ ಆಗಬಾರದ್ದು ಆದ ಹಾಗಿದೆ ನನಗೆ.

ಸೆಪ್ಟೆಂಬರ್ ೫, ಶುಕ್ರವಾರ. ಮಧ್ಯಾಹ್ನ ೧.೨೦, ಹುಲ್ಲುಗಾವಲಲ್ಲೇ

ಮಂಡಿಯ ಮೇಲೆ ಪ್ಯಾಡಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ.

ಬೇಲಿಯ ಹೊರಗೆ ಬ್ರೆಡ್ಡು ತಿನ್ನುತ್ತಾ ಕೂತಿದ್ದೆ. ಒಂದು ಕುರಿ ಬಂದು ನನ್ನ ಪ್ಯಾಡಿನ ಮೂಲೆ ಜಗಿಯಿತು. ಇದ್ದಬದ್ದ ಸಿಟ್ಟನ್ನೆಲ್ಲ ಕುರಿಯಮ್ಮನ ಮೇಲೆ ತೀರಿಸಿಕೊಂಡೆ. ಎಲ್ಲ ಕೇಳಿಸಿಕೊಂಡಳು. ಆಮೇಲೆ, ಮೊದಲ ಸಲ, ಬಾಯಿ ಬಿಟ್ಟಳು.

"ಅಲ್ಲಾ ಮೇಡಂ, ಆ ಬೇಲಿ ಒಳಗೆ ಅಂಥದ್ದೇನಿದೆ ಕಾಯೋಕೆ?"

ಫೋನ್ ತೆಗೆದು ಫೋಟೋ ತೋರಿಸಿದೆ. ಅಳು ಬರುವುದರಲ್ಲಿತ್ತು. ಅವಳು ನೋಡಿದಳು. ದೂರ ಹಿಡಿದು ನೋಡಿದಳು. ನಕ್ಕಳು.

"ಇದಾ? ನಮ್ ಕುರಿ ಮಲಗೋ ದಿಬ್ಬದ ತುಂಬ ಇದೆ. ಕಹಿ ಅಂತ ಒಂದೂ ಬಾಯಿಗಿಡಲ್ಲ. ಹನ್ನೊಂದು ವರ್ಷದಿಂದ ಬೈತೀರಲ್ಲ, ಇಂಥದ್ದು ಹುಡುಕ್ತಿದೀನಿ ಅಂತ ಒಂದಿನಾನಾದ್ರೂ ಬಾಯಿಬಿಟ್ಟು ಹೇಳಿದ್ರಾ?"

ಹೇಳಿಲ್ಲ. ನಮ್ಮ ನಮೂನೆಯಲ್ಲಿ ಇರುವುದೇ "ಬೇಲಿಯೊಳಗಿನ ಸಂಖ್ಯೆ" ಎಂಬ ಒಂದು ಕಾಲಂ. ಹೊರಗಿನದನ್ನು ಕುರಿ ತಿಂದು ಮುಗಿಸಿರುತ್ತದೆ ಅಂತ ನಾನೇ ತೀರ್ಮಾನಿಸಿದ್ದೆ. ದೊಡ್ಡ ಪಂಡಿತೆ.

ಹಳ್ಳ ದಾಟಿ ದಿಬ್ಬ ಹತ್ತಿದೆವು. ಅಲ್ಲಿ ಹುಲ್ಲು ಕತ್ತರಿ ಹಾಕಿದ ಹಾಗೆ ಗಿಡ್ಡ. ಅದರ ನಡುವೆ ನೀಲಿ. ಎಡಕ್ಕೆ ನೀಲಿ. ಬಲಕ್ಕೆ... ಮಂಡಿಯೂರಿ ಕೂತುಬಿಟ್ಟೆ. ಕುರಿಯಮ್ಮ ತಲೆ ತಿರುಗಿತೇನೋ ಅಂದುಕೊಂಡು ನೀರು ಕೊಟ್ಟಳು. ತಲೆ ತಿರುಗಿದ್ದು ಹೌದು. ಸಂತೋಷಕ್ಕೆ.

ಈಗ ಅರ್ಥವಾಗುತ್ತಿದೆ. ಕುರಿ ಎತ್ತರದ ಹುಲ್ಲನ್ನು ಮೇಯುತ್ತದೆ, ಗುಂಡಿಹೂವಿಗೆ ಬಿಸಿಲು ಸಿಗುತ್ತದೆ. ನಾನು ಕುರಿಯನ್ನು ಓಡಿಸಿದೆ, ಹುಲ್ಲನ್ನು ಬೆಳೆಸಿದೆ, ಹೂವಿನ ಉಸಿರು ಕಟ್ಟಿಸಿದೆ. ಬೇಲಿ ಹಾಕಿ ಕೊಂದೆ.

ಸೆಪ್ಟೆಂಬರ್ ೬, ಶನಿವಾರ. ಸಂಜೆ

ಕಡ್ಡಿ ಮುನ್ನೂರೂ ಖಾಲಿ. ದಿಬ್ಬದ ಅರ್ಧವೂ ಮುಗಿದಿಲ್ಲ. ಮನೆಗೆ ಬಂದು ಅತ್ತೆಗೆ ಹೇಳಿದೆ. ಹಿತ್ತಿಲಿಗೆ ಹೋಗಿ, ಹೊಸ ಕಡ್ಡಿಪೊರಕೆ ತಂದು, ಕಟ್ಟು ಬಿಚ್ಚಿ ಮೇಜಿನ ಮೇಲೆ ಸುರಿದರು.

"ಮುರಿ. ಒಂದೊಂದರಲ್ಲಿ ಮೂರು ಆಗ್ತವೆ."

ಇಬ್ಬರೂ ಕೂತು ಮುರಿದೆವು. ಮನೆ ಗುಡಿಸುವುದು ಹೇಗೆ ಅಂದೆ.

"ಇಷ್ಟು ವರ್ಷದಲ್ಲಿ ನೀನು ಯಾವತ್ತು ಗುಡಿಸಿದೀಯಾ?"

ಸೆಪ್ಟೆಂಬರ್ ೮, ಸೋಮವಾರ. ಮಧ್ಯಾಹ್ನ

೧,೧೬೪. ಎರಡು ಸಲ ಎಣಿಸಿದ್ದು. ಎರಡನೇ ಸಲ ಕುರಿಯಮ್ಮ ಎಣಿಸಿದಳು, ಅವಳ ಲೆಕ್ಕ ತಪ್ಪುವುದಿಲ್ಲ. ಮುನ್ನೂರು ಕುರಿಯನ್ನು ಕಣ್ಣಳತೆಯಲ್ಲೇ ಎಣಿಸುವವಳು. ನನಗೂ ಅವಳು ಹೆಸರಿಟ್ಟಿದ್ದಾಳಂತೆ, ಮೊದಲಿನಿಂದಲೇ. ಬೇಲಿ ಮೇಡಂ. ಅವಳ ಮನೆಯವರಿಗೆಲ್ಲ ನಾನು ಅದೇ.

ಸೆಪ್ಟೆಂಬರ್ ೧೧, ಗುರುವಾರ. ಕಚೇರಿ

ಸ್ಥಿತಿ: ಅಪಾಯದಲ್ಲಿ. ಕಣ್ಮರೆ ಅಲ್ಲ. ಅಂಚಿನಲ್ಲೂ ಅಲ್ಲ. ಅಂಚಿನಿಂದ ಒಂದು ಹೆಜ್ಜೆ ಈಚೆ. ಪೆನ್ನು ಒತ್ತಿ ಬರೆದೆ, ಕೆಳಗಿನ ಹಾಳೆಗೂ ಮೂಡಿತು.

ಮುಂದಿನ ಕಾಲಂ: ಬೇಲಿಯೊಳಗೆ ಇಳಿಕೆಗೆ ಕಾರಣ. ಸಾಹೇಬರು ಕುರ್ಚಿ ಎಳೆದುಕೊಂಡು ಪಕ್ಕಕ್ಕೇ ಬಂದರು.

"ಹವಾಮಾನ ಅಂತ ಬರೆದ್ಬಿಡಿ. ಯಾರ ತಲೆ ಮೇಲೂ ಬರಲ್ಲ."

ನಿಜಕ್ಕೂ ಒಂದು ಗಳಿಗೆ ಆಸೆಯಾಯಿತು. ಹನ್ನೊಂದು ವರ್ಷ ನನ್ನ ಹೆಸರು ನಿಂತಿದ್ದೇ ಆ ಬೇಲಿಯಿಂದ. ಆದರೆ ಹವಾಮಾನ ಅಂತ ಬರೆದರೆ ಬೇಲಿ ಉಳಿಯುತ್ತದೆ. ಇನ್ಯಾರೋ ನನ್ನಂಥ ಬುದ್ಧಿವಂತೆ ದಿಬ್ಬಕ್ಕೂ ಒಂದು ಹಾಕಿಸುತ್ತಾಳೆ.

ಬರೆದೆ: ಬೇಲಿ. ಹಾಕಿಸಿದವಳು ಕೆಳಗೆ ಸಹಿ ಮಾಡಿದವಳು. ತಂತಿ ತೆಗೆಸಿ ಕುರಿಗಳನ್ನು ಒಳಗೆ ಬಿಡಬೇಕು.

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಲ್ಲ," ಅಂದರು ಸಾಹೇಬರು. ಆದರೂ ಮೊಹರು ಒತ್ತಿದರು. ಮೆಟ್ಟಿಲಿಳಿಯುವಾಗ ಹಗುರಾಗಿದ್ದೆ, ಸಿಳ್ಳೆ ಹಾಕಿಕೊಂಡೇ ಇಳಿದೆ.

ನವೆಂಬರ್ ೧೮, ಮಂಗಳವಾರ

ತಂತಿ ಸುತ್ತಿ ಲಾರಿಗೆ ಹಾಕಿದರು. ಕುರಿಗಳು ಒಳಗೆ ಹೋಗಲೇ ಇಲ್ಲ. ಬೇಲಿಯಿದ್ದ ಗೆರೆಯ ಮೇಲೆ ಸಾಲಾಗಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದವು. ಅಷ್ಟು ಬೈದಿದ್ದೇನೆ. ಕೊನೆಗೆ ನಾನೇ ಒಳಗೆ ಹೋಗಿ "ಬನ್ನಿ, ಬನ್ನಿ" ಅಂತ ಕರೆದೆ. ಕುರಿಯಮ್ಮ ನಕ್ಕೂ ನಕ್ಕೂ ನೆಲಕ್ಕೆ ಕೂತಳು.

ಮರುವರ್ಷ, ಸೆಪ್ಟೆಂಬರ್ ೬, ಭಾನುವಾರ. ಬೆಳಿಗ್ಗೆ ೧೦

ಅತ್ತೆಯೂ ಬಂದಿದ್ದಾರೆ. ಮಡಚುವ ಕುರ್ಚಿ, ಕೊಡೆ, ತೊಡೆಯ ಮೇಲೆ ಪೊರಕೆ. ದಿಬ್ಬದ ಲೆಕ್ಕ ನಾಳೆ. ಇವತ್ತು ಬೇಲಿಯಿದ್ದ ಜಾಗ. ಒಂದೇ ಒಂದು ಸಿಕ್ಕರೂ ಸಾಕು ಅಂದುಕೊಂಡು ಬಂದೆ. ಬೀಜ ಮಣ್ಣಿನಲ್ಲಿ ಎಷ್ಟು ವರ್ಷ ಕಾಯುತ್ತದೋ ಯಾರಿಗೆ ಗೊತ್ತು. ಒಳಗೆ ಹೋಗುವ ಧೈರ್ಯ ಸಾಲದೆ ಇಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ಕುರಿಯಮ್ಮ ಆಗಲೇ ಒಳಗಿದ್ದಾಳೆ. ಕೂಗುತ್ತಿದ್ದಾಳೆ.

"ಬೇಲಿ ಮೇಡಂ, ಬೇಗ ಬನ್ನಿ. ಒಂಟಿಕಾಲಲ್ಲಿ ನಿಂತಿದೀನಿ. ಇನ್ನೊಂದು ಕಾಲು ಇಡೋಕೆ ಜಾಗ ಇಲ್ಲ."

ಅತ್ತೆ ಆಗಲೇ ಕಟ್ಟು ಬಿಚ್ಚುತ್ತಿದ್ದಾರೆ. ಹೋಗುತ್ತೇನೆ, ಉಳಿದದ್ದು ಬಂದು ಬರೆ—