ರಹಮತ್ ಬೀ ಹೆಸರನ್ನು ಯಾರೂ ಕರೆಯಲಿಲ್ಲ

ಮಾನ್ಯ ನಗರಸಭಾಧ್ಯಕ್ಷರೇ,

ನಮ್ಮ ಪಕ್ಕದ ಮನೆಯ ರಹಮತ್ ಬೀ, ರಸ್ತೆ ದಾಟಲು ಹಸಿರು ದೀಪ ಇನ್ನೊಂದಿಷ್ಟು ಹೊತ್ತು ಉರಿಯಲಿ ಎಂದು ತಮಗೆ ಅರ್ಜಿ ಕೊಟ್ಟಿದ್ದರು. ತಾವು ಅದನ್ನು ಓದದೆಯೇ ವಿಲೇವಾರಿ ಮಾಡಿದಿರಿ. ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದನ್ನೂ ತಾವು ಓದಲಿಲ್ಲವಲ್ಲ.

ಆ ಅರ್ಜಿ ನಗರಸಭೆಯ ಮುಂದೆ ಬಂದ ಸಂಜೆ, ಸಭೆಯನ್ನು ಆರಂಭಿಸುತ್ತ ತಾವು ಈ ದೇಶದ ಇನ್ನೂರು ವರ್ಷಗಳ ಪ್ರಜಾಪ್ರಭುತ್ವದ ಪರಂಪರೆಯನ್ನು ಕೊಂಡಾಡಿದಿರಿ. ಆ ಪರಂಪರೆಯ ಧೂಳು ಕುಡಿಯುವುದೇ ನನ್ನ ಉದ್ಯೋಗ. ಪಾಲೋ ಆಲ್ಟೋದ ಲೈಬ್ರರಿಯೊಂದರಲ್ಲಿ ಹಳೆಯ ಶಾಸನಸಭೆಗಳ ನಡಾವಳಿಗಳನ್ನು ಸ್ಕ್ಯಾನ್ ಮಾಡುತ್ತೇನೆ. ಸಾವಿರದ ಎಂಟುನೂರ ಹತ್ತರ ದಶಕದ ಒಂದು ಸಭೆಯ ತೀರಾ ಸಾಮಾನ್ಯ ದಿನ ಹೇಗಿತ್ತು ಗೊತ್ತೇ? ಪ್ರಾರ್ಥನೆಯಾಯಿತು. ಹಿಂದಿನ ದಿನದ ನಡಾವಳಿ ಓದಿದರು. ಬಿಡಾಡಿ ಹಂದಿಗಳ ಹಾವಳಿ ತಡೆಯುವ ಮಸೂದೆಗೆ ಎರಡನೇ ವಾಚನ, ಗಿರಣಿಯವನೊಬ್ಬನಿಗೆ ಒಡ್ಡು ಕಟ್ಟಲು ಅನುಮತಿ. ಆಮೇಲೆ ಒಬ್ಬ ವಿಧವೆಯ ಅರ್ಜಿ: ಸತ್ತ ಗಂಡ ಜನರನ್ನು ದಾಟಿಸಲು ನಡೆಸುತ್ತಿದ್ದ ದೋಣಿಯನ್ನು ಹೊಳೆಗೆ ತಾನೇ ಹಾಕಲು ಅಪ್ಪಣೆ ಬೇಕು. ಗುಮಾಸ್ತ ಅವಳ ಹೆಸರು ಹೇಳಿ ಅರ್ಜಿಯನ್ನು ಗಟ್ಟಿಯಾಗಿ ಓದಿದ. ಅದನ್ನು ಸಮಿತಿಗೆ ಒಪ್ಪಿಸಿ ಸಭೆ ಊಟಕ್ಕೆದ್ದಿತು. ಅವರೇನು ಮಹಾತ್ಮರಲ್ಲ. ಹೆಂಗಸಿಗೆ ಮತದ ಹಕ್ಕು ಕೊಡದವರು, ಮನುಷ್ಯರನ್ನು ಕೊಂಡು ಮಾರಿದವರು. ಅಂಥವರೂ ಅವಳ ಅರ್ಜಿಯನ್ನು ಕೂತು ಕೇಳಿದರು. ತಮಗೇನಾಗಿತ್ತು ಸ್ವಾಮಿ?

ತಮ್ಮಲ್ಲಿ ಕನ್ಸೆಂಟ್ ಕ್ಯಾಲೆಂಡರು ಎಂಬ ಅನುಕೂಲವಿದೆ. ಮಾಮೂಲಿ ಎನಿಸಿದ್ದನ್ನೆಲ್ಲ ಒಂದೇ ಗಂಟು ಕಟ್ಟಿ, ಚರ್ಚೆಯಿಲ್ಲದೆ, ಒಮ್ಮೆಗೇ ಒಪ್ಪಿಗೆ ಎಂದು ಮುಗಿಸುವುದು. ರಹಮತ್ ಬೀಯ ಅರ್ಜಿಯೂ ಆ ಗಂಟಿನಲ್ಲೇ ಇತ್ತು. ಮಾತಾಡಬೇಕಾದವರು ಮೊದಲೇ ಚೀಟಿ ಬರೆದುಕೊಡಬೇಕಂತೆ. ಹುಬ್ಬಳ್ಳಿಯ ರಹಮತ್ ಬೀಗೆ ಗೊತ್ತಿದ್ದ ಕಚೇರಿ ಪದ್ಧತಿಯೇ ಬೇರೆ: ಜವಾನ ಹೆಸರು ಕೂಗುವವರೆಗೆ ಸುಮ್ಮನೆ ಕೂತಿರಬೇಕು, ನಡುವೆ ಎದ್ದರೆ ಸಾಹೇಬರಿಗೆ ಸಿಟ್ಟು. ಹಬ್ಬದ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. “ಆಶಾ, ನನ್ನ ಹೆಸರು ಯಾವಾಗ ಕರೀತಾರವಾ?” ಎಂದು ನನ್ನನ್ನು ಮತ್ತೆ ಮತ್ತೆ ಕೇಳಿದರು. ಸಭೆ ಮುಗಿದು ದೀಪ ಆರಿಸುವಾಗಲೂ ಕೂತೇ ಇದ್ದರು. ಅರ್ಜಿಯನ್ನು ಸ್ವೀಕರಿಸಿ ಕಡತಕ್ಕೆ ಸೇರಿಸಲಾಗಿದೆ ಎಂದು ತಮ್ಮ ಸಿಬ್ಬಂದಿ ನಗುನಗುತ್ತ ತಿಳಿಸಿದರು.

ರಸ್ತೆಯ ಆಚೆ ಬದಿಯ ನರ್ಸಿಂಗ್ ಹೋಮಿನಲ್ಲಿ ಅವರ ಗಂಡ ಬಶೀರ್ ಹಾಸಿಗೆ ಹಿಡಿದಿದ್ದರು. ಮಂಡಿನೋವಿನ ಹೆಂಡತಿ ಅರ್ಧ ದಾಟುವಷ್ಟರಲ್ಲಿ ಕೆಂಪು ದೀಪ. ಒಮ್ಮೆ ಬಿದ್ದೂಬಿಟ್ಟರು. “ಅಮ್ಮಿ, ಪ್ಲೀಸ್, ಒಬ್ರೇ ಕ್ರಾಸ್ ಮಾಡ್ಬೇಡಿ. ಮೀಟಿಂಗು ಮುಗಿಸಿ ಬಂದು ನಾನೇ ಡ್ರಾಪ್ ಮಾಡ್ತೀನಿ” ಎಂದ ಮಗ ಯಾಸಿರ್. ಅವನು ಸ್ಯಾನ್ ಫ್ರಾನ್ಸಿಸ್ಕೋದ ಆಫೀಸಿನಿಂದ ಬರುವಷ್ಟರಲ್ಲಿ ಬಶೀರರಿಗೆ ನಿದ್ದೆ. ಹಗಲೆಲ್ಲ ರಹಮತ್ ಬೀ ಅಪಾರ್ಟ್‌ಮೆಂಟಿನ ಕಿಟಕಿಯಿಂದ ಆ ಕಟ್ಟಡವನ್ನೇ ನೋಡುತ್ತ ಕೂರುತ್ತಿದ್ದರು.

ಹೋದ ತಿಂಗಳು ಒಂದು ಮಧ್ಯಾಹ್ನ, ಬೇಗ ಬನ್ನಿ ಎಂದು ಅಲ್ಲಿಂದ ಫೋನು ಬಂತು. ಅವರು ಒಬ್ಬರೇ ಹೊರಟುಬಿಟ್ಟರು. ರಸ್ತೆಯ ನಡುವಿನ ಕಟ್ಟೆಯ ಮೇಲೆ ಸಿಕ್ಕಿಕೊಂಡು, ಎರಡೂ ಕಡೆ ಕಾರು ಹಾಯುತ್ತಿರಲು, ಮುಂದಿನ ಹಸಿರಿಗೆ ಕಾದು ನಿಂತರು. ಆಚೆ ಮುಟ್ಟಿದಾಗ ಬಶೀರರ ಉಸಿರು ಆಗತಾನೇ ನಿಂತಿತ್ತು. ಇದನ್ನು ಬರೆಯುವಾಗ ನನಗೆ ಅಳು ಬರುತ್ತಿದೆ, ತಮ್ಮ ಮೇಲಿನ ಸಿಟ್ಟೂ ಅದರಲ್ಲಿ ಕರಗಿಹೋಗುತ್ತಿದೆ.

ಆ ಅರ್ಜಿಯನ್ನು ಕಡತದಿಂದ ಹೊರಗೆ ತೆಗೆಸಿ. ಮುಂದಿನ ಸಭೆಯಲ್ಲಿ ಅವರ ಹೆಸರು ಹೇಳಿ, ಪೂರ್ತಿ ಓದಿಸಿ, ಹಸಿರು ದೀಪದ ಹೊತ್ತು ಹೆಚ್ಚಿಸಿ. ಅಂದು ಜೊತೆಗೆ ಬರುತ್ತೀರಾ ಎಂದು ರಹಮತ್ ಬೀಯನ್ನು ಕೇಳಿದೆ.

“ಇನ್ನ ನಾ ಯಾರನ್ನ ನೋಡಾಕ ದಾಟಲಿ, ಆಶಾ?” ಎಂದರು. ಕಿಟಕಿಯಾಚೆಯ ಆ ಕಟ್ಟಡದತ್ತ ನೋಡಿ, “ಬರತೀನಿ ತಗೋ. ಅಲ್ಲಿ ಇನ್ನೂ ಮಂದಿ ಮಲಗ್ಯಾರಲ್ಲ” ಎಂದರು.

ಇಂತಿ,
ತಡವಾಗಿ ಬಾಯಿಬಿಟ್ಟ ನೆರೆಮನೆಯವಳು,
ಆಶಾಲತಾ